ಆ ಮನೆ ಯಾರ ಹೆಸರಲ್ಲಿದೆ?

ಗಂಡ, ಹೆಂಡತಿ, ನಡುವೆ ಇನ್ನೊಬ್ಬಳು. ಕಥೆಯ ಎಳೆ ಇಷ್ಟೇ. ಇಷ್ಟನ್ನೇ ಇಟ್ಟುಕೊಂಡು ನಮ್ಮ ಟೀವಿ ಧಾರಾವಾಹಿಗಳು ನೂರಾರು ಕಂತು ಎಳೆಯುತ್ತವೆ. ಮಹೇಶ್ ಭಟ್ 1982ರಲ್ಲಿ ಇದೇ ಎಳೆಯಿಂದ ಒಂದು ಹಿಂದಿ ಸಿನಿಮಾ ಮಾಡಿದರು. ಹೆಸರು ‘ಅರ್ಥ್’. ನಾನು ಹುಟ್ಟುವ ಎಷ್ಟೋ ವರ್ಷ ಮೊದಲೇ ಬಂದ ಈ ಸಿನಿಮಾ ನನಗೆ ಸಿಕ್ಕಿದ್ದು ರೀಲ್ಸ್ ದೆಸೆಯಿಂದ. ಅದರಲ್ಲಿ ಜಗಜಿತ್ ಸಿಂಗ್ ಹಾಡಿರುವ ಗಜಲ್‌ನ ಒಂದು ತುಣುಕು ನಮ್ಮ ಹಾಸ್ಟೆಲ್ ಕಾರಿಡಾರಿನಲ್ಲಿ ವಾರಗಟ್ಟಲೆ ಓಡಾಡಿತು. ಬ್ರೇಕಪ್ ಆದವರೂ ಸ್ಟೇಟಸ್ ಹಾಕಿಕೊಂಡರು, ಲವ್ವೇ ಆಗದವರೂ ಹಾಕಿಕೊಂಡರು. ಹಾಡಿನ ಬೆನ್ನು ಹತ್ತಿ ಸಿನಿಮಾ ಪೂರ್ತಿ ನೋಡಿದವಳು ನಾನೊಬ್ಬಳೇ ಇರಬೇಕು. ಒಮ್ಮೆ ಹಾಸ್ಟೆಲಿನಲ್ಲಿ ನೋಡಿದೆ. ಇನ್ನೊಮ್ಮೆ ದಸರಾ ರಜೆಯಲ್ಲಿ, ನಮ್ಮ ಅತ್ತೆಯ ಜೊತೆ.

ನೋಡದವರಿಗಾಗಿ ಕಥೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಪೂಜಾ ಅನಾಥೆಯಾಗಿ ಬೆಳೆದವಳು. ಅವಳಿಗೆ ಚಿಕ್ಕಂದಿನಿಂದ ಇರುವುದು ಒಂದೇ ಆಸೆ, ತನ್ನದು ಅಂತ ಒಂದು ಮನೆ. ಮದುವೆಯಾದ ಮೇಲೂ ಬಾಡಿಗೆ ಮನೆಯೇ. ಅದನ್ನೂ ಖಾಲಿ ಮಾಡಬೇಕಾದ ಹೊತ್ತಿನಲ್ಲಿ ಗಂಡ ಇಂದರ್ ಹೊಸ ಮನೆಯ ಬೀಗದ ಕೈ ತಂದು ಅವಳ ಕೈಗಿಡುತ್ತಾನೆ. ಅವಳ ಖುಷಿ ಹೇಳತೀರದು. ಆಮೇಲೆ ಒಂದೊಂದಾಗಿ ಗೊತ್ತಾಗುತ್ತದೆ. ಇಂದರ್‌ಗೆ ಕವಿತಾ ಎಂಬ ನಟಿಯ ಜೊತೆ ಸಂಬಂಧವಿದೆ, ಆ ಹೊಸ ಮನೆಯ ಹಿಂದೆಯೂ ಅವಳಿದ್ದಾಳೆ. ಇಂದರ್ ಹೆಂಡತಿಯನ್ನು ಬಿಟ್ಟು ಕವಿತಾಳ ಬಳಿ ಹೋಗುತ್ತಾನೆ. ಪೂಜಾ ಆ ಮನೆಯಲ್ಲಿ ಉಳಿಯುವುದಿಲ್ಲ. ಮದುವೆಯಾಗಿ ಬರುವಾಗ ತಂದಿದ್ದ ಎರಡು ಸಾವಿರ ರೂಪಾಯಿ ಹಿಡಿದುಕೊಂಡು ಹೆಂಗಸರ ಹಾಸ್ಟೆಲ್ ಸೇರುತ್ತಾಳೆ.

ಪೂಜಾ ಪಾತ್ರ ಶಬಾನಾ ಆಜ್ಮಿಯದು. ರಾಷ್ಟ್ರಪ್ರಶಸ್ತಿ ಬಂದದ್ದು ಇದಕ್ಕೇ. ಅಲ್ಲಿಂದ ಸಾಲಾಗಿ ಮೂರು ವರ್ಷ ಅವರಿಗೇ ಬಂತು, ಉಳಿದೆರಡು ‘ಖಂಡಹರ್’ ಮತ್ತು ‘ಪಾರ್’ ಚಿತ್ರಗಳಿಗೆ. ಕವಿತಾ ಆಗಿ ಸ್ಮಿತಾ ಪಾಟೀಲ್, ಇಂದರ್ ಆಗಿ ಕುಲಭೂಷಣ್ ಖರಬಂದಾ. ಪೂಜಾಳ ಮನೆಗೆಲಸದಾಕೆಯಾಗಿ ರೋಹಿಣಿ ಹಟ್ಟಂಗಡಿ. ಅದೇ ವರ್ಷ ಬಂದ ‘ಗಾಂಧಿ’ ಚಿತ್ರದಲ್ಲಿ ಕಸ್ತೂರಬಾ ಆಗಿದ್ದವರು ಇವರೇ.

ಹಾಸ್ಟೆಲಿನಲ್ಲಿ ನೋಡಿದಾಗ ನಾವು ಐದು ಜನ ಒಂದೇ ಮಂಚದ ಮೇಲೆ ಕೂತಿದ್ದೆವು. ಬೀಗದ ಕೈ ಕೊಡುವ ದೃಶ್ಯ ಬಂದಾಗ ಎಲ್ಲರೂ ‘ಅಯ್ಯೋ ಎಷ್ಟು ಸ್ವೀಟ್’ ಅಂದೆವು. ಊರಲ್ಲಿ ಅತ್ತೆಯ ಜೊತೆ ನೋಡುವಾಗ ಅತ್ತೆ ಸೀರೆಗೆ ಕುಚ್ಚು ಕಟ್ಟುತ್ತಾ ಕೂತಿದ್ದರು. ಒಂದು ಕಣ್ಣು ಸೆರಗಿನ ಮೇಲೆ, ಒಂದು ಕಣ್ಣು ಲ್ಯಾಪ್‌ಟಾಪ್ ಮೇಲೆ. ಹಿಂದಿ ಪೂರ್ತಿ ಬರದಿದ್ದರೂ ಟೀವಿ ನೋಡಿ ನೋಡಿ ತಕ್ಕಮಟ್ಟಿಗೆ ಅರ್ಥವಾಗುತ್ತದೆ. ಅದೇ ದೃಶ್ಯ ಬಂತು. ಪೂಜಾ ಬೀಗದ ಕೈ ಹಿಡಿದು ಕುಣಿಯುತ್ತಿದ್ದಾಳೆ. ಅತ್ತೆ ದಾರ ಕಚ್ಚಿ ಕತ್ತರಿಸಿ ಕೇಳಿದರು:

‘ಯಾರ್ ಹೆಸ್ರಲ್ಲಿ ತಗೊಂಡನೇ ಇವ್ನು?’

ಇಂದರ್‌ಗೆ ಸಂಬಂಧವಿದೆ ಎಂದು ಸಿನಿಮಾ ಇನ್ನೂ ಬಾಯಿಬಿಟ್ಟಿರಲಿಲ್ಲ. ನಾನೂ ಹೇಳಿರಲಿಲ್ಲ.

ನಮ್ಮ ಅತ್ತೆ ಅಪ್ಪನ ಅಕ್ಕ. ತಿಪಟೂರಿನ ಕಡೆಯ ಹಳ್ಳಿಯಲ್ಲಿ ಹುಟ್ಟಿ, ಅಲ್ಲೇ ಒಂದಷ್ಟು ದೂರದ ಊರಿಗೆ ಸೊಸೆಯಾಗಿ ಹೋದವರು. ಮಾವನವರ ವಿಷಯ ಇಡೀ ಊರಿಗೆ ಗೊತ್ತು. ನಮ್ಮ ಕಡೆ ಇಂಥದ್ದನ್ನು ಹೇಳುವ ರೀತಿಯೇ ಬೇರೆ. ‘ಅವನಿಗೆ ಯಾರ ಜೊತೆಯೋ ಸಂಬಂಧ ಇದೆ’ ಅನ್ನುವುದಿಲ್ಲ, ‘ಇನ್ನೊಂದು ಮನೆ ಮಾಡ್ಕೊಂಡಿದ್ದಾನೆ’ ಅನ್ನುತ್ತಾರೆ. ಗಂಡನನ್ನು ‘ನಮ್ಮನೆಯವರು’ ಅನ್ನುವುದೂ ಅದೇ ಬಾಯಿ. ಗಂಡಸು ಹೊರಗೆ ಹೋದರೆ ಅವನಿಗೆ ಇನ್ನೊಂದು ಮನೆ ಆಗುತ್ತದೆ. ಹೆಂಗಸು ಹೊರಟರೆ ಅವಳು ‘ಮನೆ ಬಿಟ್ಟವಳು’. ಇವನ್ನು ನಾನು ಹುಟ್ಟಿದಾಗಿನಿಂದ ಕೇಳಿದ್ದೇನೆ. ಅತ್ತೆಯ ಆ ಪ್ರಶ್ನೆಯ ಮೇಲೆ ಮೊದಲ ಸಲ ಅವುಗಳೊಳಗಿನ ‘ಮನೆ’ ಎಂಬ ಪದ ಕಿವಿಗೆ ಬಿತ್ತು.

ಅದಾದ ಮೇಲೆ ನನಗೆ ‘ಅರ್ಥ್’ ಬೇರೆಯೇ ಸಿನಿಮಾ ಆಗಿ ಕಾಣಿಸಿತು. ದಾಂಪತ್ಯದ್ರೋಹದ ಚಿತ್ರ ಎಂದು ಎಲ್ಲ ಕಡೆ ಬರೆದಿರುತ್ತಾರೆ. ಭಟ್ ಕೂಡ ತಮ್ಮದೇ ಬದುಕಿನಿಂದ, ನಟಿ ಪರ್ವೀನ್ ಬಾಬಿ ಜೊತೆಗಿನ ಸಂಬಂಧದಿಂದ ಕಥೆ ತೆಗೆದಿದ್ದಾಗಿ ಮುಚ್ಚುಮರೆ ಇಲ್ಲದೆ ಹೇಳಿಕೊಂಡಿದ್ದಾರೆ. ಆದರೆ ಸಿನಿಮಾ ಶುರುವಾಗುವುದು ದ್ರೋಹದಿಂದ ಅಲ್ಲ, ಬಾಡಿಗೆ ಮನೆ ಖಾಲಿ ಮಾಡುವ ತಲೆಬಿಸಿಯಿಂದ. ಗಂಡನನ್ನು ಕಳೆದುಕೊಂಡ ಪೂಜಾಳ ಎದುರು ಮೊದಲು ಬಂದು ನಿಲ್ಲುವುದು ಇವತ್ತು ರಾತ್ರಿ ಎಲ್ಲಿ ಮಲಗುವುದು ಎಂಬ ಪ್ರಶ್ನೆ. ಅಳುವುದು, ಕೂಗಾಡುವುದು, ಕುಡಿದು ಪಾರ್ಟಿಗೆ ಬಂದು ಎಲ್ಲರ ಎದುರು ಕವಿತಾಳ ಮಾನ ಕಳೆಯುವುದು, ಎಲ್ಲವೂ ಇದೆ. ಆ ಪಾರ್ಟಿ ದೃಶ್ಯವನ್ನೇ ಜನ ಹೆಚ್ಚು ನೆನೆಸಿಕೊಳ್ಳುತ್ತಾರೆ. ನನಗೆ ಅದು ಸ್ವಲ್ಪ ಜೋರಾಯಿತು ಅನ್ನಿಸಿತು. ಕೆಲಸ ಹುಡುಕಿಕೊಂಡು ಅಲೆಯುವ ಪೂಜಾಳೇ ನನಗೆ ಹೆಚ್ಚು ಹತ್ತಿರ. ಅಲ್ಲಿ ಶಬಾನಾ ಕಣ್ಣೀರು ಹಾಕುವುದಿಲ್ಲ, ಮುಖದಲ್ಲಿ ಲೆಕ್ಕಾಚಾರವಷ್ಟೇ ಓಡುತ್ತಿರುತ್ತದೆ. ಕೈಯಲ್ಲಿರುವ ದುಡ್ಡು ಎಷ್ಟು ದಿನಕ್ಕೆ ಬಂದೀತು ಎಂದು ಎಣಿಸುವ ಮುಖ. ಆ ಮುಖವನ್ನು ನಾನು ಮೊದಲೇ ನೋಡಿದ್ದೆ.

ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಅತ್ತೆ ಒಂದು ಚೀಲ ಹಿಡಿದು ನಮ್ಮ ಮನೆಗೆ ಬಂದಿದ್ದರು. ಹನ್ನೊಂದು ದಿನ ಇದ್ದರು. ನನ್ನ ಪಕ್ಕದಲ್ಲೇ ಮಲಗುತ್ತಿದ್ದರು. ಮೊದಲ ಮೂರು ದಿನ ಅಮ್ಮ ಒಬ್ಬಟ್ಟು, ಪಾಯಸ ಅಂತೆಲ್ಲ ಮಾಡಿದರು. ಐದನೇ ದಿನದಿಂದ ಅಜ್ಜಿ ‘ಅಲ್ಲಿ ಮನೆ ಕಡೆ ದನಕರ ಯಾರು ನೋಡ್ಕೊತಾರೋ’ ಅನ್ನತೊಡಗಿದರು. ಯಾರೂ ಹೋಗು ಅನ್ನಲಿಲ್ಲ. ಹನ್ನೊಂದನೇ ದಿನ ಬೆಳಿಗ್ಗೆ ಅಪ್ಪ ಬೈಕ್ ತೆಗೆದರು, ಅತ್ತೆ ಹಿಂದೆ ಕೂತರು. ಗೇಟಿನ ಹತ್ತಿರ ಅಪ್ಪ ‘ಯಾವಾಗ ಬೇಕಾದ್ರೂ ಬಾ ಅಕ್ಕ, ಇದೂ ನಿನ್ ಮನೇನೇ’ ಅಂದದ್ದು ನನಗೆ ಚೆನ್ನಾಗಿ ನೆನಪಿದೆ.

ಇದಕ್ಕೂ ಮೂರು ವರ್ಷ ಮೊದಲು, ತಾತ ತೀರಿಕೊಂಡ ಮೇಲೆ, ಅತ್ತೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಬಂದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿದ್ದರು. ಅರಿಶಿನ ಕುಂಕುಮಕ್ಕೆ ಅಂತ ಒಂದಷ್ಟು ದುಡ್ಡು, ಒಂದು ರೇಷ್ಮೆ ಸೀರೆ. ನಮ್ಮೂರಲ್ಲಿ ಎಲ್ಲರ ಮನೆಯಲ್ಲೂ ಹೀಗೇ ನಡೆಯುತ್ತದೆ, ಇದರಲ್ಲಿ ಯಾರಿಗೂ ಏನೂ ತಪ್ಪು ಕಾಣುವುದಿಲ್ಲ. ಕರ್ನಾಟಕದಲ್ಲಿ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಕೊಡುವ ತಿದ್ದುಪಡಿ 1994ರಲ್ಲೇ ಜಾರಿಗೆ ಬಂತು. ಇಡೀ ದೇಶಕ್ಕೆ ಅದು ಬಂದದ್ದು 2005ರಲ್ಲಿ. ನಾವು ಹನ್ನೊಂದು ವರ್ಷ ಮುಂದಿದ್ದೆವು ಎಂದು ಹೆಮ್ಮೆಪಡಬಹುದು. ಕಾನೂನು ಕೊಟ್ಟದ್ದನ್ನು ಒಂದು ಮಧ್ಯಾಹ್ನದಲ್ಲಿ ಸಹಿ ಹಾಕಿಸಿ ವಾಪಸ್ ತೆಗೆದುಕೊಳ್ಳುವುದರಲ್ಲೂ ನಾವು ಹಿಂದೆ ಬಿದ್ದಿಲ್ಲ.

ಅಪ್ಪ ಕೆಟ್ಟವರಲ್ಲ. ಆ ತೋಟದಿಂದ ಅವರು ಬಂಗಲೆ ಕಟ್ಟಿಸಲಿಲ್ಲ. ನನ್ನ ಬಿಇ ಫೀಸು ಬರುವುದು ಆ ತೋಟದ ಕೊಬ್ಬರಿಯಿಂದಲೇ.

ಈ ಸಾಲು ಬರೆಯಲು ನನಗೆ ಸಮಯ ಹಿಡಿಯಿತು. ಏಕೆಂದರೆ ‘ಅರ್ಥ್’ ಚಿತ್ರದಲ್ಲಿ ನನ್ನನ್ನು ಅಲುಗಾಡಿಸಿದ್ದು ಪೂಜಾಳ ಕಥೆಗಿಂತ ಮನೆಗೆಲಸದಾಕೆಯ ಕಥೆ. ಅವಳ ಗಂಡನೂ ಕುಡುಕ, ಅವನಿಗೂ ಇನ್ನೊಬ್ಬಳಿದ್ದಾಳೆ. ಆದರೆ ಇವಳಿಗೆ ಅದರ ಬಗ್ಗೆ ಅಳುತ್ತಾ ಕೂರಲು ಪುರುಸೊತ್ತಿಲ್ಲ. ಮಗಳನ್ನು ಒಳ್ಳೆಯ ಶಾಲೆಗೆ ಸೇರಿಸಬೇಕು, ಅದಕ್ಕೆ ದುಡ್ಡು ಕೂಡಿಡುತ್ತಿದ್ದಾಳೆ. ಗಂಡನ ಇನ್ನೊಬ್ಬಳನ್ನು ಅವಳು ಹೇಗೋ ಸಹಿಸಿಕೊಂಡಾಳು. ಆ ದುಡ್ಡನ್ನೇ ಅವನು ಕದ್ದು ಕುಡಿತಕ್ಕೂ ಇನ್ನೊಬ್ಬಳಿಗೂ ಖರ್ಚು ಮಾಡಿದ ದಿನ ಅವಳ ತಾಳ್ಮೆ ಮುಗಿಯುತ್ತದೆ. ಅವನನ್ನು ಕೊಂದು, ತಾನೇ ಪೊಲೀಸ್ ಸ್ಟೇಷನ್ನಿಗೆ ಹೋಗುತ್ತಾಳೆ. ಅಲ್ಲಿ ಅವಳಿಗಿರುವ ಚಿಂತೆ ಒಂದೇ, ಮಗಳ ಗತಿ ಏನು ಎಂಬುದು. ರೋಹಿಣಿ ಹಟ್ಟಂಗಡಿಗೆ ಫಿಲ್ಮ್‌ಫೇರ್ ಬಂತು. ಬರದಿದ್ದರೆ ಅನ್ಯಾಯವಾಗುತ್ತಿತ್ತು. ಅದೇ ದ್ರೋಹ, ಅದೇ ಊರು ಮುಂಬೈ. ಪೂಜಾಳಿಗೆ ಹಾಸ್ಟೆಲ್, ಇವಳಿಗೆ ಜೈಲು.

ಮೂರನೆಯವಳು ಕವಿತಾ. ದುಡ್ಡಿದೆ, ಹೆಸರಿದೆ. ಬೇರೊಬ್ಬಳ ಗಂಡ ಮನೆಗೇ ಬಂದುಬಿಟ್ಟಿದ್ದಾನೆ. ಆದರೂ ಅವಳಿಗೆ ನಿದ್ದೆಯಿಲ್ಲ. ಅವನು ವಿಚ್ಛೇದನದ ಕಾಗದ ಮುಂದಿಟ್ಟುಕೊಂಡು ಪೂಜಾಳ ಸಹಿ ಕೇಳಿದ ಮೇಲೂ ಭಯ ಹೋಗುವುದಿಲ್ಲ. ಅವಳ ಮನಸ್ಸು ಹದಗೆಡುತ್ತಾ ಹೋಗುತ್ತದೆ. ಸ್ಮಿತಾ ಪಾಟೀಲ್ ಇದನ್ನು ಎಷ್ಟು ನಿಜ ಮಾಡುತ್ತಾರೆಂದರೆ ನೋಡುವ ನಮಗೂ ಹೆದರಿಕೆಯಾಗುತ್ತದೆ. ಇಲ್ಲಿ ಮಾತ್ರ ನನಗೆ ಸಿನಿಮಾದ ಮೇಲೆ ಒಂದು ತಕರಾರಿದೆ. ಇನ್ನೊಬ್ಬಳಾಗಿ ಬಂದವಳಿಗೆ ಬುದ್ಧಿ ಕೆಡಬೇಕು, ತಪ್ಪು ಮಾಡಿದ ಗಂಡಸಿಗೆ ಒಂದು ಗಡ್ಡವೂ ಬೆಳೆಯಬಾರದು ಎಂಬ ಲೆಕ್ಕ ಯಾವ ನ್ಯಾಯ? ಇಂದರ್ ಕೊನೆಯವರೆಗೂ ಊಟ ಮಾಡಿಕೊಂಡು, ಇಸ್ತ್ರಿ ಅಂಗಿ ಹಾಕಿಕೊಂಡು ಆರಾಮಾಗಿಯೇ ಇರುತ್ತಾನೆ.

ಇದನ್ನು ಹೇಳಿದಾಗ ಅತ್ತೆ ‘ಶರಪಂಜರ’ ನೆನೆಸಿಕೊಂಡರು. ಚಂದನದಲ್ಲಿ ಎಷ್ಟು ಸಲ ನೋಡಿದ್ದಾರೋ ಲೆಕ್ಕವಿಲ್ಲ. ತ್ರಿವೇಣಿಯವರ ಕಾದಂಬರಿ, ಪುಟ್ಟಣ್ಣ ಕಣಗಾಲರ ನಿರ್ದೇಶನ, ಕಲ್ಪನಾ ಕಾವೇರಿಯಾಗಿ. ಕಾವೇರಿ ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಬರುತ್ತಾಳೆ, ಮನೆ ಅವಳನ್ನು ಒಳಗೆ ಬಿಟ್ಟುಕೊಂಡರೂ ತನ್ನವಳು ಅನ್ನುವುದಿಲ್ಲ. ಅವಳ ಹಳೆಯ ಒಂದು ತಪ್ಪನ್ನು ಮರೆಯಲಾಗದ ಗಂಡ ಆಫೀಸಿನಾಕೆಯ ಜೊತೆ ಸಂಬಂಧ ಇಟ್ಟುಕೊಂಡಿರುತ್ತಾನೆ. ಅದು ಕಣ್ಣಿಗೆ ಬಿದ್ದ ಕಾವೇರಿ ಮತ್ತೆ ಹಳೆಯ ಸ್ಥಿತಿಗೇ ಜಾರುತ್ತಾಳೆ. ‘ಅರ್ಥ್’ ನೋಡುವಾಗ ಅತ್ತೆ ಅದನ್ನೇ ಕಾಯುತ್ತಿದ್ದರಂತೆ. ‘ಇವ್ಳಿಗೂ ಹಂಗೇ ಆಗತ್ತೆ ಅನ್ಕೊಂಡಿದ್ದೆ ಕಣೇ. ಆಗ್ಲಿಲ್ಲ’ ಅಂದರು. ಸ್ವಲ್ಪ ಹೊತ್ತು ಬಿಟ್ಟು, ‘ಹಾಸ್ಟೆಲ್ ಸಿಕ್ತಲ್ಲ, ಅದಕ್ಕೆ’ ಅಂದರು.

ನಾನು ಎದ್ದು ಹೋಗಿ ನೀರು ಕುಡಿದು ಬಂದೆ.

ಕೊನೆಗೆ ಎಲ್ಲರೂ ಕಾಯುವ ಆ ದೃಶ್ಯ ಬರುತ್ತದೆ. ಕವಿತಾ ಇಂದರ್‌ನನ್ನು ಬಿಟ್ಟಿದ್ದಾಳೆ. ಅವನು ಪೂಜಾಳ ಬಳಿ ಬಂದು ಮತ್ತೆ ಒಂದಾಗೋಣ ಅನ್ನುತ್ತಾನೆ. ಪೂಜಾ ಬೈಯುವುದಿಲ್ಲ. ನೀನು ಮಾಡಿದ್ದನ್ನೇ ನಾನು ಮಾಡಿ ಹೀಗೆ ವಾಪಸ್ ಬಂದಿದ್ದರೆ ನನ್ನನ್ನು ಸೇರಿಸಿಕೊಳ್ಳುತ್ತಿದ್ದೆಯಾ ಎಂದು ಕೇಳುತ್ತಾಳೆ. ಅವನು ಇಲ್ಲ ಅನ್ನುತ್ತಾನೆ. ಇಡೀ ಸಿನಿಮಾದಲ್ಲಿ ಅವನು ಸುತ್ತುಬಳಸದೆ ಕೊಟ್ಟ ಉತ್ತರ ಇದೊಂದೇ ಇರಬೇಕು. ಅವಳು ಹೊರಡುತ್ತಾಳೆ.

ಆ ಕಾಲದಲ್ಲಿ ಕಾನೂನಿನ ಉತ್ತರವೂ ಇಂದರ್‌ನ ಉತ್ತರವೇ ಆಗಿತ್ತು ಎಂಬುದು ನನಗೆ ಆಮೇಲೆ ಓದಿ ಗೊತ್ತಾಯಿತು. 1860ರ ಭಾರತೀಯ ದಂಡ ಸಂಹಿತೆಯ 497ನೇ ಕಲಂ ಪ್ರಕಾರ ಇನ್ನೊಬ್ಬನ ಹೆಂಡತಿಯ ಜೊತೆ, ಆ ಗಂಡನ ಒಪ್ಪಿಗೆಯಿಲ್ಲದೆ, ಸಂಬಂಧ ಇಟ್ಟುಕೊಂಡ ಗಂಡಸಿಗೆ ಐದು ವರ್ಷದವರೆಗೆ ಜೈಲು. ದೂರು ಕೊಡುವ ಹಕ್ಕು ಇದ್ದದ್ದು ಆ ಹೆಂಗಸಿನ ಗಂಡನಿಗೆ. ತನ್ನ ಗಂಡನೇ ಹೀಗೆ ಮಾಡಿದರೆ ಹೆಂಡತಿಗೆ ಈ ಕಲಂ ಅಡಿಯಲ್ಲಿ ದೂರು ಕೊಡಲು ಜಾಗವೇ ಇರಲಿಲ್ಲ. ‘ಗಂಡನ ಒಪ್ಪಿಗೆಯಿಲ್ಲದೆ’ ಎಂಬ ಮಾತನ್ನು ಇನ್ನೊಮ್ಮೆ ಓದಿ. ಕೇಳದೆ ಬೇರೆಯವರ ಗಾಡಿ ತೆಗೆದುಕೊಂಡು ಹೋದ ಹಾಗಿದೆ. 1985ರಲ್ಲಿ ಸುಪ್ರೀಂ ಕೋರ್ಟ್ ಈ ಕಲಂ ಸರಿಯಿದೆ ಎಂದೇ ಹೇಳಿತು. ಅದನ್ನು ರದ್ದು ಮಾಡಿದ್ದು 2018ರ ಸೆಪ್ಟೆಂಬರ್‌ನಲ್ಲಿ. 1985ರ ತೀರ್ಪು ಬರೆದವರು ವೈ.ವಿ. ಚಂದ್ರಚೂಡ್. 2018ರ ಪೀಠದಲ್ಲಿ ಕೂತು ಅದನ್ನು ಬದಿಗೆ ಸರಿಸಿದವರಲ್ಲಿ ಅವರ ಮಗ ಡಿ.ವೈ. ಚಂದ್ರಚೂಡ್ ಕೂಡ ಒಬ್ಬರು. ಅಪ್ಪನ ಕಾಲದ ಕಾಗದವನ್ನು ಮಕ್ಕಳು ತೆಗೆದು ಮತ್ತೆ ಓದುವುದುಂಟು ಎಂದು ಗೊತ್ತಾಗಿ ಒಂದು ಥರ ಸಮಾಧಾನವಾಯಿತು. ಈಗ ವಿವಾಹೇತರ ಸಂಬಂಧ ಅಪರಾಧವಲ್ಲ, ವಿಚ್ಛೇದನಕ್ಕೆ ಕಾರಣವಾಗಿ ಮಾತ್ರ ಉಳಿದಿದೆ.

ಇನ್ನೂ ಒಂದು ಕಾನೂನು ಹಿಡಿದುಕೊಂಡು ಅತ್ತೆಯ ಮುಂದೆ ಕೂತೆ. ಕೌಟುಂಬಿಕ ದೌರ್ಜನ್ಯ ತಡೆಯುವ 2005ರ ಕಾಯ್ದೆ. ಮನೆ ಯಾರ ಹೆಸರಿನಲ್ಲೇ ಇರಲಿ, ಸಂಸಾರ ಮಾಡಿದ ಮನೆಯಲ್ಲಿ ವಾಸಿಸುವ ಹಕ್ಕನ್ನು ಅದು ಹೆಂಡತಿಗೆ ಕೊಡುತ್ತದೆ. ಸಿಡಿಪಿಒ ಕಚೇರಿಗೆ ಹೋಗಿ ದೂರು ಕೊಡಬಹುದು. ಫೋನಿನಲ್ಲಿ ತೆಗೆದಿಟ್ಟುಕೊಂಡು, ಸೆಮಿನಾರ್ ಕೊಡುವವಳ ಹಾಗೆ ವಿವರಿಸಿದೆ. ಅತ್ತೆ ಪೂರ್ತಿ ಕೇಳಿಸಿಕೊಂಡರು.

‘ಇರಬೇಡ ಅಂತ ನಂಗ್ಯಾರು ಅಂದ್ರು? ಇರು ಅಂತಾನೇ ಎಲ್ರೂ ಅನ್ನೋದು. ನಾನು ಹೋಗಕ್ಕೆ ಜಾಗ ಕೇಳ್ದೆ.’

ನಾನು ಓದುತ್ತಿರುವುದು ಸಿವಿಲ್. ಬಿಲ್ಡಿಂಗ್ ಡ್ರಾಯಿಂಗ್ ಶೀಟಿನ ಬಲಗಡೆ ಕೆಳಗೆ ಮಾಲೀಕರ ಹೆಸರು ಬರೆಯಲು ಒಂದು ಚೌಕ ಇರುತ್ತದೆ. ಕ್ಲಾಸಿನಲ್ಲಿ ಮಾಡುವ ಪ್ಲ್ಯಾನ್‌ಗಳಿಗೆ ಸುಳ್ಳು ಹೆಸರು ಹಾಕುತ್ತೇವೆ. ಅರವತ್ತು ಜನರ ಕ್ಲಾಸು, ಅದರಲ್ಲಿ ಅರ್ಧದಷ್ಟು ಹುಡುಗಿಯರು. ರಜೆ ಮುಗಿಸಿ ಬಂದ ಮೇಲೆ ಸುಮ್ಮನೆ ಕಪಾಟಿನಲ್ಲಿದ್ದ ಶೀಟುಗಳನ್ನು ತಿರುವಿ ಹಾಕಿದೆ. ನನ್ನದೂ ಸೇರಿ ನೋಡಿದ ಎಲ್ಲ ಶೀಟಿನಲ್ಲೂ ಆ ಚೌಕ ‘ಶ್ರೀ’ ಎಂದೇ ಶುರುವಾಗಿತ್ತು. ಸುಳ್ಳು ಮನೆಯನ್ನೂ ನಾವು ಗಂಡಸರಿಗೇ ಕಟ್ಟಿಕೊಟ್ಟಿದ್ದೆವು.

ಅತ್ತೆಯ ವಿಷಯದಲ್ಲಿ ಇನ್ನೊಂದು ತಮಾಷೆ ಇದೆ. ರೇಷನ್ ಕಾರ್ಡಿನಲ್ಲಿ ಮನೆಯ ಯಜಮಾನಿ ಅವರೇ. ಹಾಗಾಗಿ ಗೃಹಲಕ್ಷ್ಮಿಯ ಎರಡು ಸಾವಿರ ಅವರ ಖಾತೆಗೆ ಬರುತ್ತದೆ. ಮನೆಯ ಖಾತೆಯಲ್ಲಿ ಹೆಸರಿರುವುದು ಮಾವನವರದು. ಅಕ್ಕಿ ತರುವಾಗ ಯಜಮಾನಿ, ಕಂದಾಯ ಕಟ್ಟುವಾಗ ಯಾರೂ ಅಲ್ಲ. ಪೂಜಾ ಹೊರಟಾಗ ಅವಳ ಕೈಯಲ್ಲಿದ್ದದ್ದೂ ಎರಡು ಸಾವಿರವೇ ಎಂದು ನಾನು ಹೇಳಿದಾಗ ಅತ್ತೆ ಜೋರಾಗಿ ನಕ್ಕರು. ‘ಆಗಿನ್ ಎರಡು ಸಾವಿರ ಕಣೇ ಅದು. ಚಿನ್ನನೇ ಬರ್ತಿತ್ತು’ ಅಂದರು. ಆ ದುಡ್ಡಿನಲ್ಲಿ ಒಂದು ರೂಪಾಯಿಯನ್ನೂ ಅವರು ಮುಟ್ಟಿಲ್ಲ. ಕುಚ್ಚಿನ ದುಡ್ಡನ್ನೂ ಅದೇ ಪಾಸ್‌ಬುಕ್ಕಿಗೆ ಹಾಕುತ್ತಾರೆ. ಪಾಸ್‌ಬುಕ್ ನಮ್ಮ ಮನೆಯಲ್ಲಿ, ನನ್ನ ಹಳೆಯ ರೆಕಾರ್ಡ್ ಪುಸ್ತಕಗಳ ನಡುವೆ ಇದೆ.

ದೀಪಾವಳಿಗೆ ಊರಿಗೆ ಹೋದಾಗ ಅಪ್ಪನ ಹತ್ತಿರ ಆ ಬಿಡುಗಡೆ ಪತ್ರ ನೋಡಬೇಕು ಅಂದೆ. ಯಾಕೆ ಎಂದು ಕೇಳಿದರು. ಓದಬೇಕಿತ್ತು ಅಂದೆ. ‘ಅಕ್ಕನೇ ಖುಷಿಯಿಂದ ಸೈನ್ ಹಾಕಿದ್ದು’ ಅಂದರು. ನಾನು ಅದನ್ನು ಕೇಳಿರಲಿಲ್ಲ. ಬೀರು ತೆಗೆದು ಪತ್ರ ಕೊಟ್ಟು, ನಾನು ಓದುವವರೆಗೂ ಬಾಗಿಲ ಹತ್ತಿರವೇ ನಿಂತಿದ್ದರು. ‘ಮುಂದಿನ ವರ್ಷ ನಿಂದು ಓದು ಮುಗೀಲಿ, ನೋಡೋಣ’ ಅಂದರು. ಅದು ನನಗೆ ಹೇಳಿದ್ದೋ, ತಮಗೇ ಹೇಳಿಕೊಂಡಿದ್ದೋ ತಿಳಿಯಲಿಲ್ಲ.

ಸಿನಿಮಾದ ಕೊನೆಯಲ್ಲಿ ಪೂಜಾ ಇಂದರ್‌ಗೆ ಮಾತ್ರವಲ್ಲ, ತನ್ನನ್ನು ಪ್ರೀತಿಸುವ ಗಾಯಕ ರಾಜ್‌ಗೂ ಬೇಡ ಅನ್ನುತ್ತಾಳೆ. ನಮ್ಮ ಹಾಸ್ಟೆಲಿನ ಮಂಚದ ಮೇಲೆ ಇದಕ್ಕೆ ದೊಡ್ಡ ಜಗಳವೇ ಆಯಿತು. ರಾಜ್ ಅಷ್ಟು ಒಳ್ಳೆಯವನು, ಹಾಡು ಬೇರೆ ಹೇಳುತ್ತಾನೆ, ಯಾಕೆ ಬೇಡ ಎಂದು ನಾಲ್ವರೂ ಕೂಗಿದರು. ನಿಜ ಹೇಳಬೇಕೆಂದರೆ ಅವನು ಒಳ್ಳೆಯವನಾದದ್ದು ಸ್ವಲ್ಪ ಹೆಚ್ಚೇ ಆಯಿತು, ಅಂಥವರು ಸಿನಿಮಾದಲ್ಲಿ ಮಾತ್ರ ಸಿಗುತ್ತಾರೆ. ಜೈಲಿಗೆ ಹೋದವಳ ಮಗಳನ್ನು ಪೂಜಾ ಜೊತೆಗಿಟ್ಟುಕೊಳ್ಳುತ್ತಾಳೆ. ಇನ್ನು ಆ ಮಗುವಿನ ಫೀಸು ಕಟ್ಟುವವಳು ಅವಳು. ಅತ್ತೆಗೆ ಈ ಕೊನೆ ಸರಿಯಾಗಿಯೇ ಕಂಡಿತು. ರಾಜ್ ಬಗ್ಗೆ ಒಂದು ಮಾತೂ ಆಡಲಿಲ್ಲ. ಮಗುವನ್ನು ಯಾವ ಶಾಲೆಗೆ ಹಾಕಿದಳಂತೆ ಎಂದು ಮಾತ್ರ ಕೇಳಿದರು. ಸಿನಿಮಾದಲ್ಲಿ ಅದನ್ನು ಹೇಳುವುದಿಲ್ಲ ಅತ್ತೆ ಅಂದೆ.

ಹೋದ ವಾರ ಇಂಟರ್ನಲ್ಸ್ ನಡುವೆ ಅತ್ತೆಯ ಫೋನ್ ಬಂತು. ಊಟ ಆಯ್ತಾ, ಓದ್ತಿದೀಯಾ, ಚಳಿ ಹೆಂಗಿದೆ ಎಲ್ಲ ಆಯಿತು. ಆಮೇಲೆ, ಬೇರೆ ಯಾರಿಗೋ ಬೇಕಿತ್ತು ಅನ್ನುವ ಧಾಟಿಯಲ್ಲಿ, ಬೆಂಗಳೂರಿನಲ್ಲಿ ಕೆಲಸ ಮಾಡೋ ಹೆಂಗಸರ ಹಾಸ್ಟೆಲ್‌ಗೆ ತಿಂಗಳಿಗೆ ಎಷ್ಟಾಗತ್ತೆ ಎಂದು ಕೇಳಿದರು. ಗೆಳತಿಯೊಬ್ಬಳು ಇರುವ ಪಿಜಿಯ ರೇಟು ಹೇಳಿದೆ. ಒಂದು ರೂಮಿಗೆ ನಾಲ್ಕು ಜನ, ಆರೂವರೆ ಸಾವಿರ.

ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ.

‘ಊಟ ಸೇರ್‍ಸಿನೋ, ಬಿಟ್ಟೋ?’